ಹನ್ನೆರಡು ಸೆಂಟಿಮೀಟರ್ ಸಡಿಲು

ಬಿಸ್ಕತ್ತಿನ ಡಬ್ಬಿಯನ್ನು ನನ್ನ ಮುಂದೆ ಹಿಡಿದ ಫೆಡ್ಡೆ ವಾಲ್ಸ್ಮಾ, ನಾನು ಒಂದನ್ನು ತೆಗೆದುಕೊಂಡ ಕೂಡಲೇ ಮುಚ್ಚಳ ಒತ್ತಿಬಿಟ್ಟರು.

"ಎರಡನೇದು ಬೇಕಾದ್ರೆ ನಾಳೆ ಬಾ," ಎಂದರು. "ತನಿಖೆಗೆ ಬಂದವರಿಗೂ ಕಾಫಿಗೆ ಒಂದೇ ಬಿಸ್ಕತ್ತು."

ನಗಬೇಕಾದ ಮಾತು. ನಗಲು ನನ್ನಲ್ಲಿ ತ್ರಾಣವಿರಲಿಲ್ಲ. ಒಂಬತ್ತು ದಿನಗಳಿಂದ ಸರಿಯಾಗಿ ಮಲಗಿರಲಿಲ್ಲ. ಗೋಡೆಯ ಗಡಿಯಾರದಲ್ಲಿ ಎರಡೂ ಇಪ್ಪತ್ತು. ನಾಲ್ಕಕ್ಕೆ ಜಲಮಂಡಳಿಯ ಸಭೆ. ಹಾರ್ಮೆನ್‌ನ ಕಡತ ಸರ್ಕಾರಿ ವಕೀಲರ ಕೈಗೆ ಹೋಗಬೇಕೋ ಬೇಡವೋ ಎಂದು ಅಲ್ಲಿ ತೀರ್ಮಾನವಾಗುತ್ತದೆ. ಹೋದರೆ ಅವನಿಗೆ ಜೈಲು. ಅದನ್ನು ತಡೆಯಬಲ್ಲ ಒಂದೇ ಒಂದು ವಸ್ತು ನನ್ನ ಕೋಟಿನ ಜೇಬಿನಲ್ಲಿ, ಬೆಂಕಿಪೊಟ್ಟಣದೊಳಗೆ ಇತ್ತು.

ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ಹಾಲೆಂಡಿನ ಊರು ಓಲ್ಡವಾರ್ಡಿನಲ್ಲಿ, ಕಾಲುವೆಯ ನೀರನ್ನು ಎತ್ತಿ ಹೊರಹಾಕುವ ಪಂಪುಮನೆಯನ್ನು ಮೂವತ್ತೊಂದು ವರ್ಷ ನೋಡಿಕೊಂಡವನು ಹಾರ್ಮೆನ್. ಬಿರುಗಾಳಿಯ ಆ ಮಂಗಳವಾರ ಸಂಜೆ ಪಂಪು ನಿಂತಿತು. ಕಾಲುವೆ ಉಕ್ಕಿ ತಗ್ಗಿನ ದಾರಿ ಮುಳುಗಿತು. ಸೈಕಲ್ಲಿನಲ್ಲಿ ಮನೆಗೆ ಹೊರಟಿದ್ದ ಊರಿನ ಹೆಂಗಸು ಬೌಕ್ ಹೋಯ್ಟಿಂಗಾಗೆ ದಾರಿ ಎಲ್ಲಿ ಮುಗಿಯಿತು, ಕಾಲುವೆ ಎಲ್ಲಿ ಶುರುವಾಯಿತು ಎಂದು ತಿಳಿಯಲಿಲ್ಲ. ಬುಧವಾರ ಬೆಳಿಗ್ಗೆ ಅವಳ ಹೆಣ ಸಿಕ್ಕಿತು. ಅಕ್ಕನ ಹುಟ್ಟುಹಬ್ಬಕ್ಕೆಂದು ಭಾನುವಾರವೇ ಊರು ಬಿಟ್ಟಿದ್ದ ಹಾರ್ಮೆನ್ ಯಾವಾಗ ವಾಪಸು ಬಂದ? ಪಂಪುಮನೆಯ ಇನ್ನೊಂದು ಬೀಗದ ಕೈ ಯಾರ ಬಳಿ ಇತ್ತು? ಯಾರು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ಬೇಜವಾಬ್ದಾರಿಯಿಂದಾದ ಸಾವು ಎಂದು ಮಂಡಳಿಯ ಅರ್ಧ ಜನ ಆಗಲೇ ಒಪ್ಪಿಕೊಂಡಿದ್ದರು. ಮಂಡಳಿಯ ತನಿಖಾಧಿಕಾರಿಯಾದ ನಾನು ಮಾತ್ರ ಒಪ್ಪಿರಲಿಲ್ಲ.

ಬೆಂಕಿಪೊಟ್ಟಣ ತೆರೆದು ಅದರಲ್ಲಿದ್ದುದನ್ನು ಕಾಫಿ ಬಟ್ಟಲಿನ ತಟ್ಟೆಯ ಮೇಲೆ ಸುರಿದೆ. ಟಿಣ್ ಎಂದಿತು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ವಿದ್ಯುತ್ತಿಗೆ ತಡೆಯೊಡ್ಡುವ ರೆಸಿಸ್ಟರ್. ಎರಡು ಕಡೆ ತಂತಿಯ ಕಾಲು. ಮೈಮೇಲೆ ಕೆಂಪು, ಕೆಂಪು, ಹಸಿರು ಪಟ್ಟಿ.

ಫೆಡ್ಡೆ ಅದನ್ನು ನೋಡಲಿಲ್ಲ. ನೋಡದೇ ಇದ್ದುದನ್ನು ನಾನು ನೋಡಿದೆ. ನಲವತ್ತು ವರ್ಷ ಲೇವಾರ್ಡನ್ ಪಟ್ಟಣದ ಅಂಗಡಿಯಲ್ಲಿ ಕಿವಿಯಂತ್ರ ರಿಪೇರಿ ಮಾಡಿದ ಮನುಷ್ಯ. ಎದುರಿಗೆ ಬಿಡಿಭಾಗ ಬಿದ್ದರೆ ಕಣ್ಣು ತಾನಾಗಿಯೇ ಹೋಗಬೇಕಿತ್ತು.

"ಏನಮ್ಮ ಇದು?" ಎಂದರು, ಕಿಟಕಿಯ ಕಡೆ ತಿರುಗಿ.

"ನೀವೇ ಹೇಳಿ ಮಾಮ. ನಮ್ಮಪ್ಪನ ಕಿವಿಯಂತ್ರಕ್ಕೆ ಇದಕ್ಕಿಂತ ಸಣ್ಣದನ್ನ ಕನ್ನಡಕ ಇಲ್ದೆ ಹಾಕ್ತಿದ್ರಿ."

"ಆಗ ಕಣ್ಣಿತ್ತು. ಈಗ ಏನಿದ್ರೂ ಹವಾಮಾನ ಹೇಳೋ ಮೊಣಕಾಲು."

ನಾನು ಕಾದೆ. ಕೊಠಡಿಯಲ್ಲಿ ಹಳೇ ಮರದ ಮುಗ್ಗಲು ವಾಸನೆ. ಫೆಡ್ಡೆಯವರ ಹಿಂದಿನ ಗೋಡೆಯಲ್ಲಿ ಚಾವಣಿಯಿಂದ ನೆಲದವರೆಗೆ ಒಂದು ಬಿರುಕು. ಅದಕ್ಕೆ ಅಡ್ಡಲಾಗಿ ಬೆರಳಗಲದ ಗಾಜಿನ ಪಟ್ಟಿಗಳನ್ನು ಗಾರೆಯಿಂದ ಅಂಟಿಸಿ, ಪ್ರತಿಯೊಂದರ ಪಕ್ಕದಲ್ಲೂ ಪೆನ್ಸಿಲಿನಲ್ಲಿ ತಾರೀಕು ಬರೆದಿದ್ದರು. ಬಿರುಕು ಬೆಳೆದರೆ ಗಾಜು ಒಡೆಯುತ್ತದೆ. ಒಟ್ಟು ಏಳು ಪಟ್ಟಿ. ಐದು ಒಡೆದಿದ್ದವು.

ಎರಡಾಗಿ ಮಡಿಸಿದ್ದ ಕಾಗದ ತೆಗೆದು ಮೇಜಿನ ಮೇಲೆ ಹರಡಿದೆ. ಪಂಪುಮನೆಯ ಯಂತ್ರ ನೀರಿನ ಮಟ್ಟವನ್ನು ವಾರವಿಡೀ ಗೆರೆಯಾಗಿ ಬರೆಯುವ ಸುರುಳಿ ಕಾಗದ ಅದು.

"ಇದನ್ನ ಮಂಡಳಿಯಲ್ಲಿ ಆರು ಜನ ನೋಡಿದ್ರು," ಎಂದೆ. "ಭಾನುವಾರ ಮಧ್ಯಾಹ್ನದವರೆಗೂ ಗರಗಸದ ಹಲ್ಲು ನೋಡಿ. ನೀರು ನಿಧಾನ ಏರುತ್ತೆ, ಪಂಪು ಶುರುವಾಗಿ ಇಳಿಸುತ್ತೆ, ಮತ್ತೆ ಏರುತ್ತೆ. ಹನ್ನೆರಡು ಸೆಂಟಿಮೀಟರ್ ಮೇಲೆ, ಹನ್ನೆರಡು ಸೆಂಟಿಮೀಟರ್ ಕೆಳಗೆ. ಮೂವತ್ತೊಂದು ವರ್ಷದ ಕಾಗದ ತೆಗೆದ್ರೂ ಇದೇ ಹಲ್ಲು."

"ಹೂಂ."

"ಭಾನುವಾರ ಮೂರು ಗಂಟೆಯಿಂದ ಹಲ್ಲೇ ಇಲ್ಲ. ನೇರ ಗೆರೆ. ಕೂದಲೆಳೆ ಹಾಗೆ. ನಮ್ಮ ಎಂಜಿನಿಯರು ಬೆನ್ನು ತಟ್ಟಿಕೊಂಡರು, 'ಮಟ್ಟ ಎಷ್ಟು ಚೆನ್ನಾಗಿ ಕಾಯ್ದಿದೆ ನೋಡಿ' ಅಂತ. ಮಂಗಳವಾರ ಗಾಳಿ ಎದ್ದ ಮೇಲೆ ಅದೇ ಗೆರೆ ಮಸಿ ಚೆಲ್ಲಿದ ಹಾಗಾಗಿದೆ. ಆರೂ ಇಪ್ಪತ್ತೆರಡರಿಂದ ಮೇಲಕ್ಕೇ ಹೋಗಿದೆ."

"ಚೆನ್ನಾಗಿ ಕಾಯ್ದಿದ್ರೆ ತಪ್ಪೇನು?"

"ನಾನು ಹುಟ್ಟಿದಾಗಿಂದ ಆ ಕಾಲುವೆ ನೋಡಿದ್ದೀನಿ ಮಾಮ. ಅದು ಒಂದು ದಿನವೂ ಇಷ್ಟು ಚೆನ್ನಾಗಿ ನಡಕೊಂಡಿಲ್ಲ."

ಅವರ ಬಾಯಿಯ ಒಂದು ಬದಿ ಅಲುಗಿತು. ನಗುವಾಗಿರಬಹುದು.

ಆ ನೇರ ಗೆರೆಯೇ ನನ್ನನ್ನು ನಿನ್ನೆ ಪಂಪುಮನೆಯ ನಿಯಂತ್ರಣ ಪೆಟ್ಟಿಗೆಯವರೆಗೆ ಎಳೆದುಕೊಂಡು ಹೋಗಿತ್ತು. ಒಳಗಿರುವುದು ಸರಳ ಏರ್ಪಾಡು. ನೀರಿನ ಮೇಲಿನ ತೇಲುಗುಂಡು ಏರಿದಂತೆ ಒಂದು ವೋಲ್ಟೇಜು ಏರುತ್ತದೆ. ಕಂಪ್ಯಾರೇಟರ್ ಎಂಬ ಚಿಪ್ಪು ಅದನ್ನು ಮೊದಲೇ ಗೊತ್ತುಮಾಡಿದ ಇನ್ನೊಂದು ವೋಲ್ಟೇಜಿಗೆ ಹೋಲಿಸಿ ನೋಡುತ್ತದೆ. ನೀರು ಹೆಚ್ಚಾಯಿತೆಂದರೆ 'ಹೌದು' ಎನ್ನುತ್ತದೆ, ರಿಲೇ ಎಳೆಯುತ್ತದೆ, ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚು ಧಡ್ ಎಂದು ಮುಚ್ಚಿಕೊಂಡು ಪಂಪು ಓಡುತ್ತದೆ.

ಆ ಕಾಂಟ್ಯಾಕ್ಟರ್ ಬಿಚ್ಚಿದಾಗ ಬೆರಳಗಲದ ಬೆಳ್ಳಿಯ ಬಿಲ್ಲೆಗಳ ಜಾಗದಲ್ಲಿ ಕರಕಲು ಗುಳಿಗಳು ಕಂಡವು. ಒಂದೇ ಸಲಕ್ಕೆ ಸುಟ್ಟುದಲ್ಲ, ತೂತು ತೂತಾಗಿ ಸವೆದದ್ದು. ಪಕ್ಕದ ಎಣಿಕೆ ಯಂತ್ರದ ಮುದ್ರಿತ ಪಟ್ಟಿ ನೋಡಿದೆ. ಮಂಗಳವಾರ ಸಂಜೆ ಹನ್ನೆರಡು ನಿಮಿಷಗಳಲ್ಲಿ ಪಂಪು ಆರುನೂರ ಹನ್ನೊಂದು ಸಲ ಶುರುವಾಗಿತ್ತು.

ಮಾಮೂಲಿಗೆ ದಿನಕ್ಕೆ ಹತ್ತು ಸಲ.

"ಬೋರ್ಡಿನ ಮೇಲಿನ ಬೆಸುಗೆಗಳೆಲ್ಲ ಕಾರ್ಖಾನೆಯವು," ಎಂದೆ. "ದಪ್ಪ, ಮಂಕು, ಹಕ್ಕಿ ಹಿಕ್ಕೆ ಹಾಕಿದ ಹಾಗೆ. ಇದೊಂದರ ಎರಡು ಕಾಲಿಗೆ ಮಾತ್ರ ಕನ್ನಡಿ ಹಾಗೆ ಹೊಳೆಯೋ ಬೆಸುಗೆ. ಸಾಸಿವೆಯಷ್ಟೇ. ಅಂಥ ಕೈ ಈ ಊರಲ್ಲಿ ಎಷ್ಟಿದೆ?"

"ಹೊಗಳ್ತಾ ಇದೀಯೋ ಬೈತಾ ಇದೀಯೋ?"

"ಕೇಳ್ತಾ ಇದೀನಿ."

ಫೆಡ್ಡೆ ಎದ್ದರು. ಓಡುವ ವಯಸ್ಸಲ್ಲ, ಆದರೂ ನನ್ನ ಕಣ್ಣು ಬಾಗಿಲಿಗೆ ಹೋಯಿತು. ಅವರು ಕಪಾಟಿನಿಂದ ಒಂದು ರಟ್ಟಿನ ಕಡತ ತಂದು ನನ್ನ ತಟ್ಟೆಯ ಪಕ್ಕದಲ್ಲಿ ಇಟ್ಟರು.

"ಹನ್ನೊಂದು ಪತ್ರ," ಎಂದರು. "ನಾಲ್ಕು ವರ್ಷದಲ್ಲಿ. ಈ ಮನೆ ನಿಂತಿರೋದು ಮರದ ಕಂಬದ ಮೇಲೆ. ಕಂಬ ನೀರೊಳಗೆ ಇದ್ರೆ ಮುನ್ನೂರು ವರ್ಷ ಇರುತ್ತೆ. ನಿಮ್ಮ ಪಂಪು ನೀರನ್ನ ಹನ್ನೆರಡು ಸೆಂಟಿಮೀಟರ್ ಇಳಿಸಿದಾಗೆಲ್ಲ ಕಂಬದ ತಲೆ ಹೊರಗೆ ಬರುತ್ತೆ. ಗಾಳಿ ಕುಡಿಯುತ್ತೆ, ಕೊಳೆಯುತ್ತೆ. ದಿನಕ್ಕೆ ಹತ್ತು ಸಲ! ಒಂದೇ ಮಟ್ಟದಲ್ಲಿ ಇಡಿ ಅಂತ ಕೇಳ್ಕೊಂಡೆ. ನಾನೇನು ಹಾಲೆಂಡನ್ನ ಎತ್ತರ ಮಾಡಿ ಅಂದ್ನಾ?"

"ಉತ್ತರ ಬಂದಿರುತ್ತಲ್ಲ."

"ಬಂತು. ಓದು. ಜೋರಾಗಿ ಓದು, ಕಿವಿಯಂತ್ರದವನ ಕಿವಿ ಮಂದ."

ಮೂರು ಸಾಲಿನ ಪತ್ರ. 'ನೀರಿನ ಏರಿಳಿತವು ನಿಗದಿತ ಮಿತಿಯೊಳಗಿದೆ. ತಮ್ಮ ಪತ್ರವನ್ನು ದಾಖಲಿಸಿಕೊಳ್ಳಲಾಗಿದೆ.' ಕೆಳಗಿನ ಸಹಿ ನನ್ನದು. ಗೇಸ್ಕೆ ರಿನ್ಸ್ಮಾ.

ಬರೆದ ನೆನಪೇ ಇರಲಿಲ್ಲ. ಅಂಥವು ವಾರಕ್ಕೆ ಇಪ್ಪತ್ತು ಬರೆಯುತ್ತೇನೆ. ಸಹಿ ಮಾತ್ರ ಅಚ್ಚುಕಟ್ಟಾಗಿತ್ತು.

"ಪಂಪುಮನೆ ಒಳಗೆ ಹೇಗೆ ಹೋದ್ರಿ?" ಎಂದೆ. ನನ್ನ ದನಿ ನನಗೇ ದೂರದಿಂದ ಕೇಳಿಸಿತು.

"ಹೇಗೆ ಹೋಗ್ತಾರೆ? ಜೋಡಿ ಬೀಗದ ಕೈಯಲ್ಲಿ ಒಂದು ತಗೊಂಡು. ಊರಿಗೆ ಹೋಗೋವಾಗ ನೀನು ಪಕ್ಕದ ಮನೆಯವರಿಗೆ ಕೀಲಿಕೈ ಕೊಡಲ್ವಾ, ಹೂಕುಂಡಕ್ಕೆ ನೀರು ಹಾಕಿ, ಬೆಕ್ಕಿಗೆ ಹಾಲಿಡಿ ಅಂತ? ಹಾರ್ಮೆನ್‌ಗೆ ಬೆಕ್ಕಿಲ್ಲ. ಪಂಪಿದೆ. 'ಮಾಮ, ದಿನಕ್ಕೆ ಒಂದ್ಸಲ ಇಣುಕಿ ನೋಡಿ' ಅಂತ ಹೇಳಿ ಹೋದ."

"ನಿಯಮದ ಪ್ರಕಾರ ಹೊರಗಿನವರಿಗೆ..."

"ನಾನು ಹೊರಗಿನವನಾ? ಅವನ ಮದುವೆಗೆ ಹಾರ್ಮೋನಿಯಂ ಬಾರಿಸಿದ್ದು ನಾನು!"

ಹಾಗಾದರೆ ಇದಕ್ಕೇ ಹಾರ್ಮೆನ್ ಬಾಯಿ ಮುಚ್ಚಿಕೊಂಡಿದ್ದ. ಬೀಗದ ಕೈ ಯಾರಿಗೆ ಕೊಟ್ಟೆ ಎಂದು ಹೇಳಿದರೆ ಮುದುಕನ ತಲೆಗೆ ಬರುತ್ತದೆ. ಒಂಬತ್ತು ದಿನಗಳಲ್ಲಿ ಮೊದಲ ಬಾರಿಗೆ ನನ್ನ ಹೆಗಲು ಸ್ವಲ್ಪ ಸಡಿಲವಾಯಿತು. ಗಡಿಯಾರ ನೋಡಿದೆ. ಎರಡೂ ನಲವತ್ತು.

"ಭಾನುವಾರ ಏನಾಯ್ತು, ಹೇಳಿ ಮಾಮ."

ಫೆಡ್ಡೆ ಕೊನೆಗೂ ತಟ್ಟೆಯ ಮೇಲಿದ್ದುದನ್ನು ಎರಡು ಬೆರಳಲ್ಲಿ ಎತ್ತಿಕೊಂಡರು. ಎತ್ತಿದ ರೀತಿಯಲ್ಲೇ ಗೊತ್ತಾಯಿತು, ಅವರ ಕಣ್ಣಿಗೆ ಏನೂ ಆಗಿಲ್ಲ.

"ಇಣುಕಿ ನೋಡಕ್ಕೆ ಹೋದೆ. ಪೆಟ್ಟಿಗೆ ಬಾಗಿಲಿಗೆ ನಕ್ಷೆ ಅಂಟಿಸಿದಾರೆ. ಓದಿದೆ. ಓದಬಾರದಿತ್ತು. ಚಿಪ್ಪಿನ ಔಟ್‌ಪುಟ್‌ನಿಂದ ಒಂದು ರೆಸಿಸ್ಟರ್ ವಾಪಸ್ ಇನ್‌ಪುಟ್‌ಗೇ ಬಂದಿದೆ. ನಾನಂದುಕೊಂಡೆ, ಯಾವ ಕತ್ತೆ ಮಾಡಿದ್ದಪ್ಪಾ ಇದು! ನಲವತ್ತು ವರ್ಷ ನಾನು ಹೋರಾಡಿದ್ದೇ ಅದರ ಜೊತೆ. ಕಿವಿಯಂತ್ರದಲ್ಲಿ ಹೊರಗೆ ಬಂದ ಸದ್ದು ಮತ್ತೆ ಒಳಗೆ ಹೋದ್ರೆ ಏನಾಗುತ್ತೆ? ಕುಯ್ಯ್ ಅಂತ ಕಿರುಚುತ್ತೆ. ಮದುವೆ ಮನೇಲಿ, ಸಾವಿನ ಮನೇಲಿ, ಎಲ್ಲಿ ಬೇಕಾದ್ರಲ್ಲಿ. ಆ ದಾರಿ ಮುಚ್ಚೋದೇ ನನ್ನ ಕೆಲಸ ಆಗಿತ್ತು."

"ಅದಕ್ಕೆ ಮುಚ್ಚಿದ್ರಿ."

"ಪೂರ್ತಿ ಮುಚ್ಚಲಿಲ್ಲ. ಒಂದು ಲಕ್ಷ ಓಮಿನದು ತೆಗೆದು ಇಪ್ಪತ್ತೆರಡು ಲಕ್ಷದ್ದು ಹಾಕಿದೆ. ವಾಪಸ್ ಹೋಗೋದು ಇಪ್ಪತ್ತನೇ ಒಂದು ಪಾಲು ಆಯ್ತು. ಎರಡು ಗಂಟೆ ಅಲ್ಲೇ ಕೂತು ನೋಡಿದೆ ಗೇಸ್ಕೆ. ಪಂಪು ಎರಡು ನಿಮಿಷ ಓಡುತ್ತೆ, ನಿಲ್ಲುತ್ತೆ, ಮತ್ತೆ ಓಡುತ್ತೆ. ಗೋಡೆ ಮೇಲೆ ಪೆನ್ಸಿಲಲ್ಲಿ ಗೆರೆ ಎಳೆದಿದ್ದೆ. ನೀರು ಅದನ್ನ ಬಿಟ್ಟು ಅರ್ಧ ಸೆಂಟಿಮೀಟರ್ ಅಲುಗಲಿಲ್ಲ." ಅವರ ದನಿ ತಗ್ಗಿತು. "ಮನೆಗೆ ಬಂದು ಆ ಏಳನೇ ಗಾಜು ಅಂಟಿಸಿದೆ. ಅದು ಇನ್ನೂ ಒಡೆದಿಲ್ಲ."

ಕೋಪ ಬರಬೇಕಿತ್ತು. ಬಂದದ್ದು ಬರೀ ಸುಸ್ತು.

"ಆ ರೆಸಿಸ್ಟರ್ ತಪ್ಪಾಗಿ ಹಾಕಿದ್ದಲ್ಲ ಮಾಮ. ಬೇಕಂತಲೇ ಇಟ್ಟಿದ್ದು. ಹಿಸ್ಟರಿಸಿಸ್ ಅಂತಾರೆ."

"ಹೆಸರು ಗೊತ್ತು. ಮೇಷ್ಟ್ರಿಗೆ ಪಾಠ ಮಾಡ್ಬೇಡ."

"ಹೆಸರು ಗೊತ್ತಿದ್ರೆ ಸಾಲದು, ಪಂಪು ಗೊತ್ತಿರಬೇಕು." ನನ್ನ ಪೆನ್ಸಿಲ್ ತೆಗೆದು ಅವರ ಕಡತದ ರಟ್ಟಿನ ಮೇಲೇ ಎರಡು ಗೆರೆ ಎಳೆದೆ, ಒಂದು ಮೇಲೆ, ಒಂದು ಕೆಳಗೆ. "ಆ ಚಿಪ್ಪಿಗೆ ಒಂದು ಗೆರೆ ಅಲ್ಲ, ಎರಡು. ನೀರು ಮೇಲಿನದನ್ನ ಮುಟ್ಟಿದಾಗ ಪಂಪು ಶುರು. ಶುರುವಾದ ಮೇಲೆ ಕೆಳಗಿನದನ್ನ ಮುಟ್ಟೋ ತನಕ ನಿಲ್ಲಲ್ಲ. ನಿಂತ ಮೇಲೆ ಮತ್ತೆ ಮೇಲಿನದನ್ನ ಮುಟ್ಟೋ ತನಕ ಶುರುವಾಗಲ್ಲ. ನಡುವೆ ನೀರು ಎಷ್ಟು ಕುಣಿದ್ರೂ ಅದು ಕಿವಿ ಕೊಡಲ್ಲ, ಕೊನೆಗೆ ಏನು ಹೇಳಿತ್ತೋ ಅದಕ್ಕೇ ಅಂಟ್ಕೊಂಡಿರುತ್ತೆ. ಅಂಟಿಸೋದೇ ಆ ರೆಸಿಸ್ಟರ್. 'ಹೌದು' ಅಂದ ತಕ್ಷಣ ಆ ಹೌದಿನ ಒಂದು ಪಾಲು ವಾಪಸ್ ತನಗೇ ಬರುತ್ತೆ. ಆಮೇಲೆ 'ಇಲ್ಲ' ಅನ್ನಿಸ್ಬೇಕಾದ್ರೆ ನೀರು ಚೆನ್ನಾಗಿ ಇಳೀಬೇಕು."

"ನಾನು ಎರಡೂ ಗೆರೆ ಹತ್ತಿರ ತಂದೆ. ಅಷ್ಟೇ."

"ಹತ್ತಿರ ಅಲ್ಲ, ಒಂದರ ಮೇಲೊಂದು. ಭಾನುವಾರ ನೀರು ಕನ್ನಡಿ ಹಾಗಿತ್ತು, ನಡೀತು. ಮಂಗಳವಾರ ಗಾಳಿಗೆ ತೇಲುಗುಂಡು ಎರಡು ಮೂರು ಸೆಂಟಿಮೀಟರ್ ಜಿಗೀತಿತ್ತು. ಒಂದೊಂದು ಅಲೆಗೂ ಹೌದು, ಇಲ್ಲ. ಹೌದು, ಇಲ್ಲ. ಒಂದು ಸೆಕೆಂಡಿಗೆ ಒಂದ್ಸಲ. ಆ ಪಂಪು ಶುರುವಾಗೋವಾಗ ಮಾಮೂಲಿಗಿಂತ ಆರು ಪಟ್ಟು ಕರೆಂಟು ಎಳೆಯುತ್ತೆ. ಆರುನೂರ ಹನ್ನೊಂದು ಸಲ, ಮಾಮ. ಯಾವ ಬೆಳ್ಳಿ ತಡಕೊಳ್ಳುತ್ತೆ?"

ಫೆಡ್ಡೆ ಆ ಎರಡು ಗೆರೆಗಳನ್ನು ನೋಡುತ್ತಲೇ ಇದ್ದರು. ನಿಧಾನವಾಗಿ ಹೆಬ್ಬೆರಳನ್ನು ಅವುಗಳ ನಡುವಿನ ಖಾಲಿ ಜಾಗದ ಮೇಲೆ ಇಟ್ಟರು. ಮುಚ್ಚಿದರು. ತೆಗೆದರು.

"ಸೋಮಾರಿತನ ಅಂದುಕೊಂಡಿದ್ದೆ," ಎಂದರು. "ಇಷ್ಟು ಸಡಿಲ ಬಿಟ್ಟಿದಾರಲ್ಲ, ಕೆಲಸ ಬರದವರು ಅಂದುಕೊಂಡೆ."

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಇಬ್ಬರೂ ಒಟ್ಟಿಗೆ ಕಿಟಕಿ ಕಡೆ ನೋಡಿ, ಇಬ್ಬರೂ ಒಟ್ಟಿಗೆ ಕಣ್ಣು ತಗ್ಗಿಸಿದೆವು.

"ಬೌಕ್‌ದು ಎಡಗಿವಿ ಮಂದ ಇತ್ತು," ಎಂದರು ಫೆಡ್ಡೆ. "ಅವಳ ಯಂತ್ರ ಸರಿ ಮಾಡಿದ್ದು ನಾನೇ. ನಿವೃತ್ತಿ ಆದ್ಮೇಲೂ ನನ್ನ ಹತ್ರಾನೇ ತರ್ತಿದ್ಲು. ಬೇರೆಯವರಿಗೆ ಬರಲ್ಲ ಮಾಮ, ಅಂತಿದ್ಲು." ರೆಸಿಸ್ಟರನ್ನು ಮತ್ತೆ ತಟ್ಟೆಯ ಮೇಲೆ ಇಟ್ಟರು. "ನನ್ನನ್ನ ಏನು ಮಾಡ್ತಾರೆ?"

"ಗೊತ್ತಿಲ್ಲ. ಸುಳ್ಳು ಹೇಳಲ್ಲ, ನಿಜವಾಗ್ಲೂ ಗೊತ್ತಿಲ್ಲ. ನೀವು ಕೊಲ್ಲೋಕೆ ಹೋದವರಲ್ಲ ಅಂತ ನಾನು ಬರೀತೀನಿ. ನನ್ನ ಪತ್ರವನ್ನೂ ಜೊತೆಗೆ ಲಗತ್ತಿಸ್ತೀನಿ."

"ನಿನ್ನ ಕೆಲಸ ಹೋಗುತ್ತೆ."

"ಹೋಗಬಹುದು."

"ಹಾರ್ಮೆನ್?"

"ನೀವು ಹೇಳಿದ್ದನ್ನ ಬರೆದು ಸಹಿ ಹಾಕಿದ್ರೆ ಹಾರ್ಮೆನ್ ಮೇಲಿರೋದು ಕೀಲಿಕೈ ಕೊಟ್ಟ ತಪ್ಪೊಂದೇ. ಒಂದು ಎಚ್ಚರಿಕೆ ಪತ್ರ ಕೊಡಬಹುದು. ಪಂಪು ಸುಟ್ಟಿದ್ದಕ್ಕೂ ಅವನಿಗೂ ಸಂಬಂಧ ಇಲ್ಲ. ಭಾನುವಾರ ಅವನು ಊರಲ್ಲೇ ಇರಲಿಲ್ಲ."

ಇನ್ನೇನೂ ಕೇಳದೆ ಫೆಡ್ಡೆ ಕನ್ನಡಕ ಹಾಕಿಕೊಂಡರು. ನಾನು ಬರೆದೆ. ಅವರು ಎರಡು ಕಡೆ ತಿದ್ದಿಸಿದರು. ಒಂದು ಕಡೆ ಓಮಿನ ಲೆಕ್ಕ, ಇನ್ನೊಂದು ಕಡೆ 'ಕಿಡಿಗೇಡಿತನದಿಂದಲ್ಲ' ಎಂದಿದ್ದುದಕ್ಕೆ ಬದಲಾಗಿ 'ತಿಳಿಯದೆ' ಎಂದು. ನಂತರ ಸಹಿ ಹಾಕಿದರು. ಗಡಿಯಾರದಲ್ಲಿ ಮೂರೂ ಐದು. ಮಂಡಳಿಯ ಕಚೇರಿಗೆ ಕಾರಿನಲ್ಲಿ ಇಪ್ಪತ್ತೈದು ನಿಮಿಷ. ಸಮಯ ಸಾಕಷ್ಟಿತ್ತು. ನನ್ನ ಬದುಕಿನಲ್ಲಿ ಸಮಯ ಸಾಕಷ್ಟಿದ್ದ ದಿನಗಳು ಕಡಿಮೆ. ಆ ಸಮಾಧಾನವೇ ನನಗೆ ಸ್ವಲ್ಪ ದಿಗಿಲು ಹುಟ್ಟಿಸಿತು.

ಕೋಟು ತೊಡುವಾಗ ಫೋನು ಗಣಗಣಿಸಿತು. ಫೆಡ್ಡೆ ಎತ್ತಿ, ಆಲಿಸಿ, ರಿಸೀವರನ್ನು ನನ್ನ ಕಡೆ ಚಾಚಿದರು. "ನಿಂಗೆ. ಯಾರೋ ಉಸಿರು ಬಿಡ್ತಾ ಇದಾನೆ."

ಯೆಲ್ಮರ್. ನನ್ನ ಕಚೇರಿಯ ಸಹಾಯಕ. ಎಲ್ಲಿಗೆ ಹೋದರೂ ಅವನ ಬಳಿ ನಂಬರು ಬಿಟ್ಟು ಹೋಗುವುದು ನನ್ನ ಅಭ್ಯಾಸ.

"ಮೇಡಂ, ಹೊರಟ್ರಾ?"

"ಹೊರಟೆ. ಎಲ್ಲಾ ಸಿಕ್ತು ಯೆಲ್ಮರ್. ಹಾರ್ಮೆನ್‌ದು ಏನೂ ತಪ್ಪಿಲ್ಲ. ಬರವಣಿಗೇಲಿ ಇದೆ, ಸಹಿ ಸಮೇತ. ಅಧ್ಯಕ್ಷರಿಗೆ ಹೇಳು..."

"ಮೇಡಂ, ಹಾರ್ಮೆನ್ ಇಲ್ಲೇ ಇದಾರೆ. ಅರ್ಧ ಗಂಟೆ ಹಿಂದೆ ಬಂದ್ರು. ಯಾರೂ ಕರೆದಿರಲಿಲ್ಲ. ಅವರಾಗೇ ಹೇಳಿಕೆ ಕೊಟ್ರು."

"ಕೀಲಿಕೈ ವಿಷಯ ತಾನೇ? ನಂಗೆ ಗೊತ್ತು."

"ಕೀಲಿಕೈನ ಹೆಸರೇ ಎತ್ತಲಿಲ್ಲ." ಅವನು ದನಿ ತಗ್ಗಿಸಿದ. ಹಿಂದೆ ಯಾರೋ ಕುರ್ಚಿ ಎಳೆದ ಸದ್ದು ಬಂತು. "ಮಂಗಳವಾರ ಐದೂವರೆಗೇ ವಾಪಸ್ ಬಂದಿದ್ರಂತೆ. ಪಂಪುಮನೆ ಒಳಗೇ ಇದ್ರಂತೆ. ಆ ಕಟಕಟ ಶುರುವಾದಾಗ ಪೆಟ್ಟಿಗೆ ಮುಂದೇ ನಿಂತಿದ್ರಂತೆ."

ಆ ಪೆಟ್ಟಿಗೆಯ ಮುಖದ ಮೇಲೆ ಅಂಗೈಯಷ್ಟು ಅಗಲದ ಹಿಡಿಕೆಯೊಂದಿದೆ. ಅದನ್ನು ಬಲಕ್ಕೆ ತಿರುಗಿಸಿದರೆ ಚಿಪ್ಪು, ರೆಸಿಸ್ಟರು, ತೇಲುಗುಂಡು ಎಲ್ಲವನ್ನೂ ಬದಿಗಿಟ್ಟು ಪಂಪು ನೇರವಾಗಿ ಓಡುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಸುವ ಪಾಠ ಅದು. ಹೊಸಬರಿಗೆ ಆ ಪಾಠ ಹೇಳಿಕೊಡುವವನೇ ಹಾರ್ಮೆನ್.

"ಕೈಚಾಲನೆಗೆ ಹಾಕಲಿಲ್ವಾ?" ಎಂದೆ.

"ಹಾಕಲಿಲ್ಲ ಅಂದ್ರು. ಹಿಡಿಕೆ ಮೇಲೆ ಕೈ ಇಟ್ಟಿದ್ದೆ, ತಿರುಗಿಸಲಿಲ್ಲ ಅಂದ್ರು. ಪೂರ್ತಿ ಸುಡೋ ತನಕ ನಿಂತು ನೋಡಿ, ಬೀಗ ಹಾಕ್ಕೊಂಡು ಹೋದ್ರಂತೆ. ಯಾಕೆ ಅಂತ ಅಧ್ಯಕ್ಷರು ಮೂರು ಸಲ ಕೇಳಿದ್ರು."

"ಏನಂದ?"

"'ಏಳು ಗಂಟೆಗೆ ಬೌಕ್ ಆ ತಗ್ಗಿನ ದಾರೀಲಿ ಬರ್ತಾಳೆ ಅಂತ ನಂಗೆ ಗೊತ್ತಿತ್ತು' ಅಂದ್ರು. ಅಷ್ಟೇ. ಮತ್ತೆ ಬಾಯಿ ಬಿಡ್ತಿಲ್ಲ. ಮೇಡಂ? ಕೇಳಿಸ್ತಿದೆಯಾ?"

ರಿಸೀವರನ್ನು ಅದರ ಜಾಗಕ್ಕೆ ಇಟ್ಟೆ.

ಫೆಡ್ಡೆ ಬಾಗಿಲ ಬಳಿ ನನ್ನ ಛತ್ರಿ ಹಿಡಿದು ನಿಂತಿದ್ದರು. ಒಂಬತ್ತು ದಿನಗಳ ಭಾರ ಇಳಿಸಿಕೊಂಡವರ ಮುಖ. ಹತ್ತು ವರ್ಷ ಕಿರಿಯರಾಗಿ ಕಾಣುತ್ತಿದ್ದರು.

"ಏನಂತೆ?" ಎಂದರು. "ಬಿಟ್ರಂತಾ ನಮ್ಮ ಹುಡುಗನ್ನ?"